ಕೊಡಲು ಏನಿದೆ ಮಗಳೇ?

ನಮ್ಮ ಬೀದಿಯ ಹದಿನಾರರ ಹುಡುಗಿ ವಿನಿಮಯ ವಿದ್ಯಾರ್ಥಿಯಾಗಿ ಒಂದು ವರ್ಷ ಜರ್ಮನಿಗೆ ಹೊರಟಿದ್ದಾಳೆ. ಅಲ್ಲಿ ಒಂದು ಮನೆಯಲ್ಲಿ ಮಗಳಂತೆ ಇರಬೇಕು, ಆ ಊರಿನ ಶಾಲೆಗೇ ಹೋಗಬೇಕು. ಪಾಠವೆಲ್ಲ ಜರ್ಮನ್‌ನಲ್ಲೇ. ಆರು ತಿಂಗಳಿಂದ ಜರ್ಮನ್ ಕಲಿಯುತ್ತಿದ್ದಾಳೆ. ಸಂತೋಷ, ಹೋಗಿಬರಲಿ.

ಮೊನ್ನೆ ನಮ್ಮ ಮನೆಗೆ ಬಂದಳು. ಆ ಮನೆಯವರಿಗೆ ಪತ್ರ ಬರೆದಿದ್ದಾಳೆ. ಕೆಳಗೆ ಕನ್ನಡದಲ್ಲಿ ಸಹಿ ಮಾಡುವ ಆಸೆ. ‘ಅಂಕಲ್, ನನ್ನ ಹೆಸರು ಬರೆದುಕೊಡಿ, ನೋಡ್ಕೊಂಡು ಬರೀತೀನಿ’ ಎಂದಳು!

ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಿ ಸ್ವಾಮಿ! ಆದರೂ ಅವಳನ್ನು ಬೈಯಲು ಮನಸ್ಸಾಗಲಿಲ್ಲ. ಕನ್ನಡ ಮಾತಾಡಿದರೆ ದಂಡ ಹಾಕಿದ ಶಾಲೆ, ‘ಕನ್ನಡ ಯಾಕೆ ಬೇಕು’ ಎಂದ ಅಪ್ಪ-ಅಮ್ಮ, ನೋಡಿಯೂ ಸುಮ್ಮನಿದ್ದ ನಾವು. ಇದರಲ್ಲಿ ಅವಳ ತಪ್ಪೇನು? ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಕಲಿಸಲೇಬೇಕೆಂದು 2015ರಲ್ಲೇ ಕಾಯ್ದೆ ಬಂತು. ಇವಳ ಶಾಲೆಯಲ್ಲಿ ಅದು ಕಾಗದದಲ್ಲೇ ಉಳಿಯಿತು.

ವಿನಿಮಯ ಅಂದರೆ ತರುವುದಷ್ಟೇ ಅಲ್ಲ, ಕೊಡುವುದೂ ಹೌದು. ಅದೇ ಜರ್ಮನಿಯ ಕಿಟೆಲ್ ಇಲ್ಲಿಗೆ ಬಂದು, ಕನ್ನಡ ಕಲಿತು, 1894ರಲ್ಲಿ ನಮಗೆ ನಿಘಂಟನ್ನೇ ಕೊಟ್ಟರು. ಅವರ ನಾಡಿಗೆ ಹೊರಟ ನಮ್ಮ ಮಗುವಿನ ಕೈ ಬರಿದಾಗಿರಬೇಕೆ?

ವಿಮಾನ ಹತ್ತಲು ಇನ್ನು ನಲವತ್ತು ದಿನ. ಹುಡುಗಿ ದಿನಾ ಸಂಜೆ ಬರುತ್ತಿದ್ದಾಳೆ. ಕಾಗುಣಿತ ಮುಗಿಯಿತು, ಒತ್ತಕ್ಷರ ನಡೆದಿದೆ. ತನ್ನ ಹೆಸರನ್ನು ಈಗ ನೋಡದೆ ಬರೆಯುತ್ತಾಳೆ.

ಗೆಳೆಯರೇ, ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಮಗು ಇದ್ದೀತು. ಘೋಷಣೆ ಕೂಗಿದ್ದು ಸಾಕು, ದಿನಕ್ಕೊಂದು ಗಂಟೆ ಕೊಡಿ.