ಓಟದ ಬಂಡಿಯೋ, ದುಡಿಮೆಯ ಬಂಡಿಯೋ?

ಮಾಗಡಿಯ ರಂಗನಾಥಸ್ವಾಮಿಯ ಜಾತ್ರೆಯ ಕಾಲಕ್ಕೆ ಸೇರುವ ದನಗಳ ಪರಿಷೆಯಲ್ಲಿ ಎತ್ತು ಕೊಳ್ಳಬಂದ ರೈತನು ಮೊದಲು ಹಲ್ಲು ನೋಡುತ್ತಾನೆ; ಬಳಿಕ ಗೊರಸು, ಸುಳಿ, ಹೆಗಲು; ಕೊನೆಗೆ ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸಿ, ತಿರುಗಿಸಿ ನೋಡುತ್ತಾನೆ. ಎಷ್ಟು ವೇಗವಾಗಿ ಓಡುತ್ತದೆ ಎಂದು ಕೇಳುವವರು ಕಡಮೆ. ಹಳ್ಳಿಕಾರ್ ತಳಿಯ ಎತ್ತು ಓಡಲೂ ಬಲ್ಲುದು, ಎಳೆಯಲೂ ಬಲ್ಲುದು ಎಂಬುದು ಆ ಸೀಮೆಯವರಿಗೆಲ್ಲ ಗೊತ್ತು. ಈ ಎತ್ತು ತನ್ನ ಹೊಲಕ್ಕೆ ಒಗ್ಗುವುದೋ ಇಲ್ಲವೋ ಎಂಬುದಷ್ಟೇ ಅವನಿಗೆ ಬೇಕಾದ ಉತ್ತರ.

ಈಚಿನ ವರ್ಷಗಳಲ್ಲಿ ಅದೇ ನೆಲಕ್ಕೆ ಮತ್ತೊಂದು ಬಗೆಯ ಪ್ರಾಣಿ ಬಂದಿದೆ. ಅದಕ್ಕೆ ಕುದುರೆಯ ಜೀನಿನಂತಹ ಆಸನ, ಮೋಟಾರು ಸೈಕಲಿನ ಹ್ಯಾಂಡಲು, ಬಲೂನಿನಂತೆ ಉಬ್ಬಿದ ನಾಲ್ಕು ಗಾಲಿ. ಎ.ಟಿ.ವಿ. ಎಂದು ಕೆಲವರೂ, ಕ್ವಾಡ್ ಬೈಕ್ ಎಂದು ಕೆಲವರೂ ಕರೆಯುವ ಈ ಬಂಡಿಯನ್ನು ರಾಮನಗರ, ಕನಕಪುರಗಳ ಕಡೆಯ ಸಾಹಸಕ್ರೀಡೆಯ ತಾಣಗಳಲ್ಲಿ ವಾರದ ಕೊನೆಗೆ ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ಸಿಗುವವು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಶಕ್ತಿ ಹರಿಯುವ ಸಣ್ಣ ಬಂಡಿಗಳು. ಆದರೆ ಒಮ್ಮೆ ಅದರ ರುಚಿ ಹತ್ತಿದವರು ಅಷ್ಟಕ್ಕೇ ನಿಲ್ಲುವುದಿಲ್ಲ. ಕನಕಪುರದ ದಾರಿಯಲ್ಲಿ ಎರಡು ಎಕರೆ ಮಾವಿನ ತೋಟ ಕೊಂಡ ಬೆಂಗಳೂರಿನ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಿ. ಗೊಬ್ಬರ, ಹಣ್ಣಿನ ಕ್ರೇಟು, ನೀರಿನ ಪೈಪು ಸಾಗಿಸಲು ನಾಲ್ಕು ಗಾಲಿಗಳಿಗೂ ಶಕ್ತಿಯುಳ್ಳ ಬಂಡಿಯೊಂದಿದ್ದರೆ ಒಳಿತು ಎನ್ನುತ್ತಾರೆ ತಂದೆ. ಕೊಳ್ಳುವುದೇ ಆದರೆ ಓಟದ ಬಂಡಿಯನ್ನೇ ಕೊಳ್ಳೋಣ, ಅದಕ್ಕೂ ನಾಲ್ಕು ಗಾಲಿಯ ಶಕ್ತಿಯಿದೆ, ಅದೇ ಎಂಜಿನ್ನೂ ಇದೆ ಎನ್ನುತ್ತಾನೆ ಮಗ. ಮಗನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ.

ಈ ವಾಹನದ ವಂಶಾವಳಿ ಹೆಚ್ಚು ಹಳೆಯದಲ್ಲ. 1970ರಲ್ಲಿ ಜಪಾನಿನ ಹೋಂಡಾ ಸಂಸ್ಥೆ ಮೂರು ಗಾಲಿಯ ಬಂಡಿಯೊಂದನ್ನು ಅಮೆರಿಕದ ಪೇಟೆಗೆ ಬಿಟ್ಟಿತು. ಚಳಿಗಾಲದಲ್ಲಿ ಮೋಟಾರು ಸೈಕಲು ಕೊಳ್ಳುವವರಿಲ್ಲದೆ ಕೈಕಟ್ಟಿ ಕೂರುತ್ತಿದ್ದ ಅಂಗಡಿಯವರಿಗೆ ಮಾರಲು ಏನಾದರೂ ಬೇಕಾಗಿತ್ತು. ಹುಟ್ಟಿನ ಗುಟ್ಟು ಇಷ್ಟೇ. ಮೂರು ಗಾಲಿಯದು ತಿರುವಿನಲ್ಲಿ ಬಹಳ ಸುಲಭವಾಗಿ ಮಗುಚುತ್ತಿತ್ತು. ಎಷ್ಟೋ ಮಕ್ಕಳು ಸತ್ತ ಮೇಲೆ, 1988ರಲ್ಲಿ ಅಮೆರಿಕದ ಸರ್ಕಾರದೊಡನೆ ಆದ ಒಪ್ಪಂದದಂತೆ ತಯಾರಕರು ಅದರ ಮಾರಾಟವನ್ನು ನಿಲ್ಲಿಸಿದರು. ಅಷ್ಟರಲ್ಲಿ ಸುಜುಕಿಯವರು 1982ರಲ್ಲಿ ನಾಲ್ಕು ಗಾಲಿಯದನ್ನು ತಂದಿದ್ದರು; 1986ರಲ್ಲಿ ಹೋಂಡಾದ ಫೋರ್‌ಟ್ರ್ಯಾಕ್ಸ್ ನಾಲ್ಕು ಗಾಲಿಗಳಿಗೂ ಶಕ್ತಿ ಹರಿಸಿತು. ಅಲ್ಲಿಂದ ಮುಂದೆ ದಾರಿ ಎರಡಾಗಿ ಕವಲೊಡೆಯಿತು. ಒಂದು ಹೊಲದ ಕಡೆಗೆ, ಇನ್ನೊಂದು ಪಂದ್ಯದ ಕಡೆಗೆ.

ಎರಡನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಲು ಕ್ಯಾನ್‌ಆಮ್ ಸಂಸ್ಥೆಯ ಜೋಡಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅವರ ಔಟ್‌ಲ್ಯಾಂಡರ್ ದುಡಿಮೆಯ ಬಂಡಿ. ರೆನೆಗೇಡ್ ಓಟದ ಬಂಡಿ. ಎರಡಕ್ಕೂ 976 ಸಿ.ಸಿ.ಯ ಒಂದೇ ಎರಡು ಸಿಲಿಂಡರಿನ ಎಂಜಿನ್ ಕೂರಿಸಿದ ಮಾದರಿಗಳು ಬಂದಿವೆ. ಒಂದೇ ತಾಯಿಯ ಮಕ್ಕಳೆನ್ನಬೇಕು. ಆದರೆ ಔಟ್‌ಲ್ಯಾಂಡರಿಗೆ ಮುಂದೆ 45 ಕಿಲೋ, ಹಿಂದೆ 90 ಕಿಲೋ ಹೊರುವ ಕಬ್ಬಿಣದ ಅಡ್ಡೆಗಳುಂಟು. ಅರ್ಧ ಟನ್ನಿಗೂ ಮಿಕ್ಕ ಭಾರವನ್ನು ಹಿಂದೆ ಕಟ್ಟಿ ಎಳೆಯಬಹುದು. ರೆನೆಗೇಡಿಗೆ ಆ ಅಡ್ಡೆಗಳಿಲ್ಲ; ಹತ್ತಾರು ಕಿಲೋ ಹಗುರ. ಅದರ ಸ್ಪ್ರಿಂಗು ಬಿಗಿ, ಸವಾರನ ಕುಳಿತ ಭಂಗಿ ಮುಂದಕ್ಕೆ ಬಾಗಿದುದು. ದುಡಿಮೆಯ ಬಂಡಿಯಲ್ಲಿ ಸವಾರನು ಕುರ್ಚಿಯಲ್ಲಿ ಕುಳಿತಂತೆ ನೆಟ್ಟಗೆ ಕೂರುತ್ತಾನೆ.

ಮೊದಲು ವೇಗದ ಮಾತು. ಬಯಲಿನಲ್ಲಿ ಬಿಟ್ಟರೆ ಇವೆರಡೂ ಗಂಟೆಗೆ ನೂರು ಕಿಲೋಮೀಟರನ್ನು ಮೀರಬಲ್ಲವು. ವ್ಯತ್ಯಾಸ ಕಾಣುವುದು ತುತ್ತತುದಿಯ ವೇಗದಲ್ಲಲ್ಲ, ಆ ವೇಗಕ್ಕೆ ಏರುವ ಬಗೆಯಲ್ಲಿ. ಹಗುರವಾದುದು ತಿರುವು ಮುಗಿದೊಡನೆ ಬಾಣದಂತೆ ಚಿಮ್ಮುತ್ತದೆ. ಹಳ್ಳದಿಣ್ಣೆಗಳ ಮೇಲೆ ಅದರ ಬಿಗಿಯಾದ ಸ್ಪ್ರಿಂಗು ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯುವುದರಿಂದ ವೇಗ ತಗ್ಗಿಸಬೇಕಾಗುವುದಿಲ್ಲ. ಅದೇ ದಿಣ್ಣೆಗಳ ಮೇಲೆ ಮೆತ್ತನೆಯ ಸ್ಪ್ರಿಂಗಿನ ದುಡಿಮೆಯ ಬಂಡಿ ತೊಟ್ಟಿಲಿನಂತೆ ತೂಗುತ್ತದೆ. ನಿಧಾನವಾಗಿ ಹೋಗುವವರಿಗೆ ಆ ತೂಗಾಟ ಸುಖ. ಬಿರುಸಾಗಿ ಹೋಗುವವರಿಗೆ ಅಪಾಯ. ಮಗನು ಗೆಲ್ಲುವುದು ಇಲ್ಲಿಯವರೆಗೆ ಮಾತ್ರ.

ಇನ್ನು ನಿಲ್ಲುವ ಲೆಕ್ಕ. ಸಡಿಲ ಮಣ್ಣಿನ ಮೇಲೆ ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವವನು ಮುಂದೆ ಏನನ್ನೋ ಕಂಡು, ಒಂದು ಸೆಕೆಂಡಿನಲ್ಲಿ ಎಚ್ಚೆತ್ತು ಬ್ರೇಕು ಹಾಕಿದನೆನ್ನೋಣ. ನಿಲ್ಲುವ ಹೊತ್ತಿಗೆ ಸುಮಾರು 15 ಮೀಟರು ಸಾಗಿರುತ್ತಾನೆ. ವೇಗವು ಇಮ್ಮಡಿಯಾಗಿ 60 ಆದರೆ ಅದು 30 ಮೀಟರಾಗುವುದಿಲ್ಲ, ಸುಮಾರು 45 ಮೀಟರಾಗುತ್ತದೆ. ಹತ್ತು ಮೀಟರಿಗೊಂದರಂತೆ ನೆಟ್ಟ ಮಾವಿನ ಸಾಲಿನಲ್ಲಿ ಅದು ನಾಲ್ಕು ಮರ ದಾಟಿದ ದೂರ. ಮರದ ಹಿಂದಿನಿಂದ ಹಣ್ಣು ಕೀಳುವ ಹೆಂಗಸೋ ತೋಟದ ನಾಯಿಯೋ ಅಡ್ಡ ಬಂದರೆ ಎಂಜಿನ್ನಿನ ಅಶ್ವಶಕ್ತಿ ಯಾವ ಉಪಕಾರಕ್ಕೂ ಬಾರದು.

ತಿರುವಿನ ಲೆಕ್ಕ ಇದಕ್ಕಿಂತ ಕಠಿನ. ಹದಿನೈದು ಮೀಟರು ತ್ರಿಜ್ಯದ ತಿರುವನ್ನು 20 ಕಿಲೋಮೀಟರು ವೇಗದಲ್ಲಿ ತೆಗೆದುಕೊಂಡರೆ ಪಕ್ಕಕ್ಕೆ ತಳ್ಳುವ ಬಲ ಬಂಡಿಯ ತೂಕದ ಐದನೆಯ ಒಂದು ಪಾಲು. 40ರಲ್ಲಿ ತೆಗೆದುಕೊಂಡರೆ ಐದರಲ್ಲಿ ನಾಲ್ಕು ಪಾಲಿಗೂ ಮೀರುತ್ತದೆ. ಎಡಬಲ ಗಾಲಿಗಳ ಅಂತರ ಒಂದು ಮೀಟರು, ಸವಾರನೂ ಸೇರಿದ ಗುರುತ್ವಕೇಂದ್ರ ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ಆ ಬಲ ತೂಕದ ಮುಕ್ಕಾಲು ಪಾಲನ್ನು ದಾಟಿದೊಡನೆ ಒಳಬದಿಯ ಗಾಲಿಗಳು ನೆಲ ಬಿಡುತ್ತವೆ. ಆದುದರಿಂದಲೇ ನುರಿತ ಸವಾರನು ತಿರುವಿನಲ್ಲಿ ಮೈಯನ್ನು ಒಳಕ್ಕೆ ಬಾಗಿಸುತ್ತಾನೆ. ಅವನ ಮೈತೂಕವೂ ಬಂಡಿಯ ಒಂದು ಭಾಗ. ಓಟದ ಬಂಡಿಯಲ್ಲಿ ಹೀಗೆ ಬಾಗಲು ಅನುಕೂಲ ಹೆಚ್ಚು. ದುಡಿಮೆಯ ಬಂಡಿಯ ಹಿಂದಿನ ಅಡ್ಡೆಯಲ್ಲಿ ಎರಡು ಚೀಲ ಗೊಬ್ಬರ ಕುಳಿತಿದ್ದರೆ ಗುರುತ್ವಕೇಂದ್ರ ಇನ್ನೂ ಮೇಲೇರುತ್ತದೆ. ಚೀಲಗಳು ಸವಾರನೊಡನೆ ಬಾಗುವುದಿಲ್ಲ. ನೂರು ಲೀಟರಿನ ನೀರಿನ ಪೀಪಾಯಿ ಇಟ್ಟವರಂತೂ 90 ಕಿಲೋವಿನ ಮಿತಿಯನ್ನು ಅರಿಯದೆಯೇ ಮೀರಿರುತ್ತಾರೆ. ಪೀಪಾಯಿ ಅರ್ಧ ಖಾಲಿಯಾಗಿದ್ದರೆ ತೂಕ ಕಡಮೆಯಾದೀತು, ಆದರೆ ತುಳುಕುವ ನೀರು ತಿರುವಿನಲ್ಲಿ ಹೊರಬದಿಗೇ ಓಡಿ ಬಂಡಿಯನ್ನು ಎಳೆಯುತ್ತದೆ.

ನಾಲ್ಕು ಗಾಲಿಗಳಿಗೂ ಶಕ್ತಿ ಹರಿದರೆ ಬಂಡಿ ಎಲ್ಲೂ ಜಾರದು ಎಂಬ ನಂಬಿಕೆಯೊಂದುಂಟು. ಅದು ಹತ್ತಲು ನೆರವಾಗುತ್ತದೆಯೇ ಹೊರತು ತಿರುಗಲು ಅಷ್ಟಾಗಿ ಅಲ್ಲ. ಹಿಂದಿನ ಗಾಲಿಗಳಿಗೆ ಮಾತ್ರ ಶಕ್ತಿಯಿದ್ದರೆ ಹೆಚ್ಚು ಆಕ್ಸಿಲರೇಟರು ಕೊಟ್ಟಾಗ ಬಾಲ ಹೊರಕ್ಕೆ ಜಾರುತ್ತದೆ. ಪಂದ್ಯದವರು ಇದನ್ನೇ ಬೇಕೆಂದು ಮಾಡಿ ಬಂಡಿಯನ್ನು ತಿರುಗಿಸುತ್ತಾರೆ. ಮುಂದಿನ ಗಾಲಿಗಳೂ ಎಳೆಯತೊಡಗಿದರೆ ಮೂತಿ ನೇರಕ್ಕೇ ಹೋಗಲು ಹವಣಿಸುತ್ತದೆ. ಮುಂದಿನ ಡಿಫರೆನ್ಷಿಯಲ್ ಬಿಗಿಯಾದಾಗ ಹ್ಯಾಂಡಲು ಕೈಯಲ್ಲಿ ಕಲ್ಲಾಗುತ್ತದೆ. ಕೆಸರಿನಿಂದ ಮೇಲೆ ಬಂದ ಮೇಲೂ ನಾಲ್ಕು ಗಾಲಿಯ ಗುಂಡಿಯನ್ನು ಆರಿಸದೆ ಗಟ್ಟಿ ದಾರಿಯಲ್ಲಿ ಓಡಿಸುವವರಿಗೆ ಸಂಜೆ ತೋಳು ನೋಯುವುದು ಇದರಿಂದ.

ಈ ಲೆಕ್ಕಗಳೆಲ್ಲ ಕಾಗದದ ಮೇಲಿನವು. ನೆಲದ ಮಾತೇ ಬೇರೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಒಂದುಗೂಡಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಸೀಮೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. 1975ರಲ್ಲಿ ತೆರೆಗೆ ಬಂದ ‘ಶೋಲೆ’ ಚಿತ್ರದಲ್ಲಿ ಕುದುರೆಗಳು ಧೂಳೆಬ್ಬಿಸಿ ಓಡಿದುದು ಈ ಬಂಡೆಗಳ ನಡುವೆಯೇ. ಆ ಬಂಡೆ ಸವೆದು ಉದುರಿದ ಗರಸು, ಗಟ್ಟಿ ನೆಲದ ಮೇಲೆ ರಾಗಿ ಚೆಲ್ಲಿದಂತೆ ಕಾಲಡಿಯಲ್ಲಿ ಉರುಳುತ್ತದೆ. ಇಂಥ ನೆಲದಲ್ಲಿ ಬಂಡಿ ಬಿರುಸಾಗಿ ತಿರುಗಿದರೆ ಮೊದಲು ಮಗುಚುವುದಿಲ್ಲ, ಜಾರುತ್ತದೆ. ಅನುಭವವಿಲ್ಲದವನಿಗೆ ಆ ಜಾರುವಿಕೆ ಬಲು ಸೊಗಸಾಗಿ ಕಾಣುವುದು. ಜಾರುತ್ತ ಹೋದ ಗಾಲಿ ರಾಗಿ ಹೊಲದ ಬದುವಿಗೋ, ನೆಲದಲ್ಲಿ ಹುದುಗಿದ ಗುಂಡಿಗೋ, ಕೆಂಪು ಮಣ್ಣಿನ ಕೊರಕಲಿಗೋ ತಾಗಿದ ಕ್ಷಣದಲ್ಲಿ ಬಂಡಿಯ ಕಾಲು ನಿಲ್ಲುತ್ತದೆ, ಮೈ ಮುಂದುವರಿಯುತ್ತದೆ. ಮಗುಚುವುದು ಆಗ. ಮುನ್ನೂರೈವತ್ತು ಕಿಲೋ ತೂಕ ಸವಾರನ ಮೇಲೆ ಬೀಳುತ್ತದೆ. ಈ ಸೀಮೆಯ ಹೊಲಗಳಲ್ಲಿ ಬದುವಿಲ್ಲದ ಎಡೆ ಎಷ್ಟಿದೆ?

ಕನಕಪುರದ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಚನ್ನಪಟ್ಟಣದ ತೆಂಗಿನ ತೋಟಗಳಲ್ಲಿ ಕಾಯಿಯ ರಾಶಿ, ಮಾಗಡಿಯ ಇಳಿಜಾರುಗಳಲ್ಲಿ ಮಾವಿನ ಕ್ರೇಟು: ಇವಕ್ಕೆ ಬೇಕಾದುದು ನಿಧಾನವಾಗಿ, ಬಿಡದೆ ಎಳೆಯುವ ಶಕ್ತಿ. ಇಂಥ ಬಂಡಿಗಳಲ್ಲಿ ಬಹುಪಾಲು ಗೇರು ಬದಲಿಸುವ ಗೊಡವೆಯಿಲ್ಲದೆ ರಬ್ಬರಿನ ಬೆಲ್ಟಿನಿಂದ ಓಡುತ್ತವೆ. ಭಾರ ಎಳೆಯುವಾಗ ಕೆಳಗಿನ ಗೇರಿಗೆ ಹಾಕದೆ ಮೇಲಿನ ಗೇರಿನಲ್ಲೇ ತೆವಳಿಸಿದರೆ ಬೆಲ್ಟು ಕಾದು ಸುಟ್ಟ ವಾಸನೆ ಬರುತ್ತದೆ. ಹಳ್ಳ ದಾಟುವಾಗ ಅದಕ್ಕೆ ನೀರು ಹೊಕ್ಕರೆ ಎಂಜಿನ್ ಕೂಗುತ್ತದೆ, ಗಾಲಿ ಅಲುಗದು. ಹಿಂದೆ ಕಟ್ಟಿದ ಟ್ರೈಲರಿಗೆ ಬ್ರೇಕಿರುವುದು ಅಪರೂಪವಾದ್ದರಿಂದ ಇಳಿಜಾರಿನಲ್ಲಿ ಅದೇ ಬಂಡಿಯನ್ನು ಹಿಂದಿನಿಂದ ನೂಕುತ್ತದೆ. ಎಂಜಿನ್ನಿನ ತಡೆಯಿಂದಲೇ ಇಳಿಸುವ ಏರ್ಪಾಡು ಕೆಳಗಿನ ಗೇರಿನಲ್ಲಿ ಚೆನ್ನಾಗಿ ಕೆಲಸಮಾಡುತ್ತದೆ. ಟೈರಿನ ಗಾಳಿಯನ್ನೂ ಮರೆಯಬಾರದು: ಕಾರಿಗೆ ಮೂವತ್ತು ಪೌಂಡಿನ ಸುಮಾರಿಗೆ ತುಂಬಿದರೆ ಇದಕ್ಕೆ ಐದರಿಂದ ಏಳು ಪೌಂಡು ಸಾಕು. ಪಂಪಿನಂಗಡಿಯ ಹುಡುಗನು ಪ್ರೀತಿಯಿಂದ ಹೆಚ್ಚಾಗಿ ತುಂಬಿಕೊಟ್ಟರೆ ಬಂಡಿ ಚೆಂಡಾಗುತ್ತದೆ.

ಕಾನೂನು ಸಹ ಎರಡನ್ನೂ ಒಂದೇ ಕಣ್ಣಿನಿಂದ ನೋಡಿಲ್ಲ. ನಮ್ಮ ದೇಶದಲ್ಲಿ ಇಂಥ ಬಂಡಿಗಳನ್ನು ಸಾಮಾನ್ಯವಾಗಿ ಸಾರ್ವಜನಿಕ ರಸ್ತೆಯ ಮೇಲೆ ಓಡಿಸುವಂತಿಲ್ಲ. 2011ರಲ್ಲಿ ಭಾರತಕ್ಕೆ ಕಾಲಿಟ್ಟ ಪೊಲಾರಿಸ್ ಸಂಸ್ಥೆ 2021ರಲ್ಲಿ 567 ಸಿ.ಸಿ.ಯ ತನ್ನ ಸ್ಪೋರ್ಟ್ಸ್‌ಮನ್ ಬಂಡಿಯನ್ನು ಟ್ರ್ಯಾಕ್ಟರೆಂದು ನೋಂದಾಯಿಸಬಹುದಾದ ರೂಪದಲ್ಲಿ ತಂದಿತು. ದುಡಿಮೆಯ ಬಂಡಿಗೆ ರಸ್ತೆ ದೊರೆತುದು ಉಳುವ ಯಂತ್ರದ ವೇಷದಲ್ಲಿ. ಓಟದ ಬಂಡಿಗೆ ಅಂಥ ವೇಷವೂ ಒಪ್ಪದು. ಅದನ್ನು ಕೊಂಡವರು ತೋಟದಿಂದ ತೋಟಕ್ಕೆ ಲಾರಿಯಲ್ಲಿ ಹೇರಿಕೊಂಡೇ ಹೋಗಬೇಕು. ಬೆಟ್ಟಕಾಡುಗಳ ಆಸೆಯನ್ನೂ ಬಿಡಬೇಕಾಗುವುದು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದ ಕಾಡುಗಳು ಆನೆಗಳ ಬೀಡಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದವು.

ಹೀಗಿರುವಾಗ ಆ ಎರಡು ಎಕರೆ ತೋಟಕ್ಕೆ 976 ಸಿ.ಸಿ.ಯ ಯಾವ ಬಂಡಿಯೂ ಬೇಡ. ಅದರ ಅರ್ಧದಷ್ಟು ಎಂಜಿನ್ನಿನ ದುಡಿಮೆಯ ಬಂಡಿ ಧಾರಾಳವಾಯಿತು. ಮಗನಿಗೆ ಓಟವೇ ಬೇಕಿದ್ದರೆ, ಬದುವಿಲ್ಲದ, ಮರವಿಲ್ಲದ, ಸುತ್ತ ಬೇಲಿಯಿರುವ ಕಣದಲ್ಲಿ, ಕಲಿಸುವವರ ಕಣ್ಣೆದುರಿಗೆ ಓಡಿಸಲಿ. ಅಲ್ಲಿ ಓಟದ ಬಂಡಿಗೆ ಸಮನಾದುದಿಲ್ಲ. ತಲೆಗೆ ಹೆಲ್ಮೆಟ್, ಪಾದ ಮುಚ್ಚುವ ಬೂಟು ಎರಡೂ ಕಡೆ ಬೇಕು.

ಮನೆಯ ಕಿರಿಯರ ವಿಷಯವೊಂದು ಉಳಿಯಿತು. ಆಸನ ಉದ್ದವಾಗಿದೆಯೆಂದು ಮಗುವನ್ನು ಹಿಂದೆ ಕೂರಿಸಿಕೊಳ್ಳುವುದು ತೋಟಗಳಲ್ಲಿ ನಿತ್ಯವೂ ಕಾಣುವ ನೋಟ. ಆ ಉದ್ದ ಇನ್ನೊಬ್ಬರಿಗಾಗಿ ಇಟ್ಟುದಲ್ಲ. ಸವಾರನು ಏರಿನಲ್ಲಿ ಮುಂದಕ್ಕೂ ಇಳಿಜಾರಿನಲ್ಲಿ ಹಿಂದಕ್ಕೂ ಸರಿಯಲು ಬೇಕಾದ ಎಡೆ. ಇಬ್ಬರಿಗೆಂದೇ ಮಾಡಿದ ಬಂಡಿಗಳ ಚೌಕಟ್ಟು ಬೇರೆ, ಅವುಗಳ ಮುಂದಿನ ಹಿಂದಿನ ಗಾಲಿಗಳ ಅಂತರವೂ ಹೆಚ್ಚು. ಹದಿನಾರು ತುಂಬದವರಿಗೆ ದೊಡ್ಡವರ ಬಂಡಿ ಕೊಡಬಾರದೆಂಬುದು ತಯಾರಕರೇ ಅದರ ಮೇಲೆ ಅಂಟಿಸಿರುವ ಎಚ್ಚರಿಕೆ. ಮಕ್ಕಳಿಗಾಗಿಯೇ ಮಾಡಿದ ಸಣ್ಣ ಬಂಡಿಗಳಲ್ಲಿ ಆಕ್ಸಿಲರೇಟರು ಇಷ್ಟಕ್ಕಿಂತ ಹೆಚ್ಚು ತೆರೆಯದಂತೆ ತಡೆಯುವ ಒಂದು ತಿರುಪು ಇರುತ್ತದೆ; ಎಂಜಿನ್ನನ್ನು ಒಡನೆ ಆರಿಸುವ ಒಂದು ಹಗ್ಗವೂ ಇರುತ್ತದೆ. ಆ ಹಗ್ಗದ ತುದಿಯನ್ನು ಹಿಡಿದು ಹಿರಿಯರೊಬ್ಬರು ಬಂಡಿಯ ಹಿಂದೆ ನಡೆದು ಬರಬಹುದು.