ಸಮೀಪಚಿತ್ರಣವೂ ಐ.ಎಸ್.ಓ. ನಿರ್ಣಯವೂ

ಹೂವಿನೆಸಳು, ಜೇಡ, ಇರುವೆ ಮೊದಲಾದ ಸೂಕ್ಷ್ಮವಸ್ತುಗಳನ್ನು ಡಿಜಿಟಲ್ ಕ್ಯಾಮೆರಾದಿಂದ ಸೆರೆಹಿಡಿಯುವ ಹವ್ಯಾಸವು ವಿದ್ಯಾರ್ಥಿಗಳಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರಿಗೆ ಮೊದಲ ಪಾಠವಾಗಿ 'ಐ.ಎಸ್.ಓ. 100ನ್ನು ಮೀರಕೂಡದು' ಎಂದು ಬೋಧಿಸುವ ವಾಡಿಕೆಯೊಂದುಂಟು. ಈ ಬೋಧನೆಯು ಪುನರ್ವಿಮರ್ಶೆಗೆ ಅರ್ಹವೆಂಬುದು ನನ್ನ ಅಭಿಮತ.

ಇದರ ಮೂಲವನ್ನು ಫಿಲ್ಮಿನ ಕಾಲದಲ್ಲಿ ಅರಸಬೇಕು. ಆಗ ಸುರುಳಿಯ ವೇಗವು ಕಾರ್ಖಾನೆಯಲ್ಲಿಯೇ ನಿಶ್ಚಿತವಾಗಿರುತ್ತಿತ್ತು. ಕೊಡಾಕ್ರೋಮ್ 25, 64ರಂತಹ ಮಂದವೇಗದ ಸುರುಳಿಗಳಲ್ಲಿ ಕಣಗಳು ನವುರು. ವೇಗ ಹೆಚ್ಚಿದಂತೆ ಒರಟು. ಗೋಕುಲಂಗೆ ನೆರೆಯ ಒಂಟಿಕೊಪ್ಪಲಿನ 'ಉದಯರವಿ'ಯಲ್ಲಿ ಬೆಳೆದ ಪೂರ್ಣಚಂದ್ರ ತೇಜಸ್ವಿಯವರ (1938–2007) ಪೀಳಿಗೆಯ ಛಾಯಾಗ್ರಾಹಕರು ಸುರುಳಿ ಮುಗಿಯುವವರೆಗೂ ಒಂದೇ ವೇಗಕ್ಕೆ ಕಟ್ಟುಬಿದ್ದಿದ್ದರು. ಈಗ ಚಿತ್ರದಿಂದ ಚಿತ್ರಕ್ಕೆ ಅದನ್ನು ಬದಲಿಸಬಹುದಾಗಿದ್ದರೂ ಹಳೆಯ ಅಂಜಿಕೆ ಮಾತ್ರ ಉಳಿದುಬಂದಿದೆ.

ಗೋಕುಲಂನ ಯಾವುದಾದರೊಂದು ಮನೆಯಂಗಳದ ಮಾವಿನ ಮರವನ್ನೇ ಭಾವಿಸಿಕೊಳ್ಳೋಣ. ಕೆಂಜಿಗಗಳು ಎಲೆಗಳನ್ನು ಹೆಣೆದು ಗೂಡು ಕಟ್ಟುವ ಇಂತಹ ಮರಗಳಲ್ಲಿ, ಅವುಗಳನ್ನೇ ಹೋಲುವ ಜೇಡವೊಂದು ಸುಳಿಯುವುದುಂಟು. ಮುಂಗಾಲೆರಡನ್ನು ಕುಡಿಮೀಸೆಗಳಂತೆ ಎತ್ತಿ ಆಡಿಸುವ ಈ ವೇಷಧಾರಿಯನ್ನು ಗುರುತಿಸಲು ಕಾಲುಗಳು ಆರೋ ಎಂಟೋ ಎಂಬುದು ಸ್ಪಷ್ಟವಾಗಿ ಕಾಣಬೇಕು. ಇನ್ನು ಲೆಕ್ಕ. ನೇರ ಬಿಸಿಲಿನಲ್ಲಿ ಐ.ಎಸ್.ಓ. 100, ಎಫ್/11 ಇದ್ದರೆ ಸೆಕೆಂಡಿನ 1/200 ಭಾಗ ಸಾಕು. ಬಿಂಬವು ವಸ್ತುವಿನಷ್ಟೇ ದೊಡ್ಡದಾಗುವವರೆಗೆ ಹತ್ತಿರ ಸರಿದರೆ ಒಳಗೆ ತಲಪುವ ಬೆಳಕು ಕಾಲುಭಾಗಕ್ಕಿಳಿದು, 1/50 ಬೇಕಾಗುತ್ತದೆ. ಮರದ ನೆರಳಿನ ಬೆಳಕು ಬಿಸಿಲಿನ ಎಂಟನೆಯ ಒಂದು ಪಾಲೆಂದರೆ 1/6! ಅಷ್ಟು ಹೊತ್ತು ಜೇಡ ನಿಂತೀತೆ? ನಮ್ಮ ಕೈಯಾದರೂ ನಿಂತೀತೆ? ಬೆಳಕಿಂಡಿಯನ್ನು ಹಿಗ್ಗಿಸೋಣವೆಂದರೆ, ಎಫ್/11ರಲ್ಲಿಯೇ ಸ್ಫುಟವಾಗಿ ಕಾಣುವ ಆಳವು ಒಂದು ಮಿಲಿಮೀಟರಿನ ಆಸುಪಾಸು. ಕಣ್ಣು ಸಿಕ್ಕರೆ ಕಾಲು ಸಿಕ್ಕದು. ಐ.ಎಸ್.ಓ. 1600ಕ್ಕೆ ಏರಿಸಿದರೆ 1/100, 3200ಕ್ಕೆ 1/200 ದೊರೆಯುತ್ತದೆ.

ಏರಿಸಿದರೆ ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಕಾಣಿಸಿಕೊಳ್ಳುವುದು ನಿಜ. ಐ.ಎಸ್.ಓ. ಬೆಳಕನ್ನು ಸೃಷ್ಟಿಸದು, ದೊರೆತ ಅಲ್ಪವನ್ನೇ ವರ್ಧಿಸಿ ತೋರಿಸುತ್ತದೆ. ಆದರೆ ಕಾಳನ್ನು ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ನಯಗೊಳಿಸಬಹುದು, ಅಲುಗಿ ಕಲಸಿಹೋದ ಕಾಲುಗಳನ್ನು ಬಿಡಿಸಲಾಗದು. 100ರಲ್ಲಿಯೇ ಮಬ್ಬಾಗಿ ತೆಗೆದು ಅನಂತರ ಬೆಳಗಿಸುವ ಜಾಣತನದಿಂದಲೂ ಪ್ರಯೋಜನವಿಲ್ಲ. ಹಲವು ಕ್ಯಾಮೆರಾಗಳಲ್ಲಿ ಅದರಿಂದ ಕಪ್ಪುಭಾಗಗಳ ಕಾಳು ಇನ್ನಷ್ಟು ಎದ್ದುಕಾಣುತ್ತದೆ.

ವ್ಯಾಕರಣದಲ್ಲಿ ಉತ್ಸರ್ಗಕ್ಕಿಂತ ಅಪವಾದವು ಬಲವತ್ತರವೆಂಬುದನ್ನು ಶಿಷ್ಯರಿಗೆ ನಿತ್ಯವೂ ಹೇಳುವ ನಮಗೆ ಇದು ಹೊಸತಾಗಬಾರದು. ಗಾಳಿಯಿಲ್ಲದ ಮುಂಜಾನೆ, ಮುಕ್ಕಾಲಿಯ ಮೇಲೆ ನಿಂತ ಕ್ಯಾಮೆರಾ, ಅಲುಗದ ಹೂವು: ಅಲ್ಲಿ 100 ಸಾಧುವೇ. ಬಿಳಿಯ ತೆರೆ ಹಾಕಿ ಮೃದುಗೊಳಿಸಿದ ಫ್ಲಾಷ್ ಇದ್ದರೂ 200ರಲ್ಲಿ ಕೆಲಸ ಸಾಗುತ್ತದೆ. ಹಗಲಿನ ಹಿನ್ನೆಲೆಯು ಇರುಳಿನಂತೆ ಕಪ್ಪಾಗುವುದನ್ನು ಸಹಿಸಬೇಕು, ಅಷ್ಟೆ. ನನಗಂತೂ ಅದು ರುಚಿಸದು.

ಶಾಲಾ ಪ್ರದರ್ಶನಗಳಲ್ಲಿ ತೀರ್ಪು ಕೊಡುವ ಉಪಾಧ್ಯಾಯ ಮಿತ್ರರಲ್ಲಿ ಒಂದು ವಿಜ್ಞಾಪನೆ. ನೆರಳಿನಲ್ಲಿ ಜೇಡವನ್ನು ಹಿಂಬಾಲಿಸಿದ ಬಾಲಕನ ಚಿತ್ರವನ್ನು, ಕಾಳಿದೆಯೆಂಬ ಒಂದೇ ಕಾರಣಕ್ಕೆ ಬದಿಗೆ ಸರಿಸದಿರಿ. ಮೊದಲು ಕಾಲುಗಳನ್ನು ಎಣಿಸಿ ನೋಡಿ. ಕಾಳಿನ ವಿಚಾರವನ್ನು ಅನಂತರ ಎತ್ತಿಕೊಳ್ಳಬಹುದು.