ಕಂಪ್ಯೂಟರ್ ಕೊಟ್ಟ ಮೇಲೆ ನೋಡಿಕೊಳ್ಳುವವರು ಯಾರು?

ಶಿಡ್ಲಘಟ್ಟ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕರು ಕಳೆದ ವರ್ಷ ಫೋನ್ ಮಾಡಿ, ‘ಆರು ಕಂಪ್ಯೂಟರ್ ಸತ್ತುಹೋಗಿವೆ ಸರ್’ ಎಂದರು. ಉಬುಂಟು ಲಿನಕ್ಸ್‌ನ 2020ರ ಆವೃತ್ತಿಯನ್ನು 2022ರ ಆವೃತ್ತಿಗೆ ಏರಿಸುತ್ತಿದ್ದಾಗ ವಿದ್ಯುತ್ ಹೋಗಿತ್ತು. ಯುಪಿಎಸ್ ಬ್ಯಾಟರಿಗಳು ಎಂದೋ ಸೊರಗಿದ್ದವು. ನಿರ್ವಹಣೆಯ ಗುತ್ತಿಗೆ ಪಡೆದಿದ್ದ ಏಜೆನ್ಸಿಯ ಹುಡುಗ ಬಂದು, ಎಲ್ಲವನ್ನೂ ಅಳಿಸಿ ವಿಂಡೋಸ್ ಹಾಕಿಬಿಡೋಣ ಎಂದನಂತೆ. ಪರವಾನಗಿಯ ಮಾತನ್ನು ಆತ ಎತ್ತಲಿಲ್ಲ. ಮಕ್ಕಳು ವರ್ಷವಿಡೀ ಮಾಡಿದ ಕೆಲಸ ಆ ಡಿಸ್ಕ್‌ಗಳಲ್ಲಿದೆಯೇ ಎಂದೂ ಕೇಳಲಿಲ್ಲ.

ಆ ಯಂತ್ರಗಳು ಸತ್ತಿರಲಿಲ್ಲ. ಕಂದಾಯ ಇಲಾಖೆಯ ಪರಿಚಯವುಳ್ಳವರಿಗೆ ಅವುಗಳ ಸ್ಥಿತಿ ಸುಲಭವಾಗಿ ಅರ್ಥವಾದೀತು: ಕ್ರಯಪತ್ರ ನೋಂದಣಿಯಾಗಿದೆ, ಮ್ಯುಟೇಷನ್ ಆಗಿಲ್ಲ, ಪಹಣಿಯಲ್ಲಿ ಹಳೆಯ ಹೆಸರೇ ನಿಂತಿದೆ. ಲಿನಕ್ಸ್‌ನಲ್ಲಿ ಹೊಸ ಪ್ಯಾಕೇಜಿನ ಕಡತಗಳನ್ನು ಬಿಚ್ಚಿ ಅವುಗಳ ಜಾಗದಲ್ಲಿಡುವುದು ಒಂದು ಹಂತ. ಅದನ್ನು ಉಳಿದ ವ್ಯವಸ್ಥೆಗೆ ಹೊಂದಿಸುವುದು ಇನ್ನೊಂದು. ಇವೆರಡರ ನಡುವೆ ವಿದ್ಯುತ್ ಹೋದರೆ ನೂರಾರು ಪ್ಯಾಕೇಜುಗಳು ತ್ರಿಶಂಕು ಸ್ಥಿತಿಯಲ್ಲಿ ಉಳಿಯುತ್ತವೆ. ಆದರೆ ಉಬುಂಟುವಿನ ಮೂಲವಾದ ಡೆಬಿಯನ್ ವ್ಯವಸ್ಥೆಯ ಡಿಪಿಕೆಜಿ ಎಂಬ ಕಾರ್ಯಕ್ರಮ ಯಾವ ಪ್ಯಾಕೇಜು ಯಾವ ಹಂತದಲ್ಲಿದೆಯೆಂದು ರಿಜಿಸ್ಟರ್ ಬರೆದಿಡುತ್ತದೆ. ನಮ್ಮ ಅನೇಕ ಕಚೇರಿಗಳಿಗಿಂತ ಅಚ್ಚುಕಟ್ಟಾಗಿ, ಎನ್ನದೆ ವಿಧಿಯಿಲ್ಲ.

ಒಂದು ಶನಿವಾರ ನಾವಿಬ್ಬರೂ ಕುಳಿತೆವು. ಯಂತ್ರ ಆರಂಭವಾಗುವಾಗ ಬರುವ ಪಟ್ಟಿಯಲ್ಲಿ ಹಳೆಯ ಕರ್ನೆಲ್ ಆರಿಸಿಕೊಂಡಾಗ ಐದು ಯಂತ್ರಗಳು ಎಚ್ಚೆತ್ತವು. ಅರ್ಧಕ್ಕೆ ನಿಂತ ಹೊಂದಾಣಿಕೆಯನ್ನೆಲ್ಲ ಪೂರೈಸುವಂತೆ ಡಿಪಿಕೆಜಿಗೆ ಒಂದು ಆದೇಶ, ಪರಸ್ಪರ ಅವಲಂಬನೆಗಳ ಕೊರತೆ ತುಂಬುವಂತೆ ಆಪ್ಟ್ ಎಂಬ ಕಾರ್ಯಕ್ರಮಕ್ಕೆ ಇನ್ನೊಂದು. ಮೂರು ಯಂತ್ರಗಳು ಅಷ್ಟಕ್ಕೇ ಸರಿಹೋದವು. ಒಂದರಲ್ಲಿ ಹಳೆಯ ಕರ್ನೆಲ್‌ಗಳು ಜಮೆಯಾಗಿ ಬೂಟ್ ವಿಭಾಗ ಭರ್ತಿಯಾಗಿತ್ತು. ಬಳಸದವನ್ನು ತೆಗೆದು ಜಾಗ ಮಾಡಿದೆವು. ಇನ್ನೊಂದರಲ್ಲಿ ಹೊರಗಿನ ಆಕರದಿಂದ ಯಾರೋ ಹಾಕಿದ್ದ ತಂತ್ರಾಂಶ ಅಡ್ಡ ಬಂದಿತ್ತು. ಆರನೆಯದರ ಡಿಸ್ಕೇ ಕೆಟ್ಟಿತ್ತು; ಮಕ್ಕಳ ಕಡತಗಳಲ್ಲಿ ಸಿಕ್ಕಷ್ಟನ್ನು ಪೆನ್‌ಡ್ರೈವ್‌ಗೆ ನಕಲಿಸಿಕೊಂಡೆವು. ನಡುವೆ ‘ಲಾಕ್’ ಎಂಬ ಸಂದೇಶ ಬಂದಾಗ ಶಿಕ್ಷಕರು ಆ ಕಡತವನ್ನೇ ಅಳಿಸಲು ಹೊರಟಿದ್ದರು. ಬೀಗ ಬಿದ್ದಿದೆಯೆಂದರೆ ಇನ್ನೊಬ್ಬ ಗುಮಾಸ್ತ ಆ ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದಾನೆಂದು ಅರ್ಥ. ಕಾಯಬೇಕು, ಕಿತ್ತುಕೊಳ್ಳಬಾರದು.

ಎಳೆ ಕಡಿಯಿತೆಂದು ಶಿಡ್ಲಘಟ್ಟದ ಯಾವ ರೀಲರೂ ಗೂಡನ್ನು ಎಸೆಯುವುದಿಲ್ಲ. ತುದಿ ಹುಡುಕಿ ಮತ್ತೆ ಸೇರಿಸುತ್ತಾನೆ. ಆ ಕಸುಬುದಾರಿಕೆ ಸರ್ಕಾರಿ ಶಾಲೆಯ ಕಂಪ್ಯೂಟರ್ ಕೊಠಡಿಗೆ ಏಕೆ ದಕ್ಕಬಾರದು?

ತೊಡಕಿರುವುದು ನಮ್ಮ ಲೆಕ್ಕದಲ್ಲಿ. ಮುಕ್ತ ತಂತ್ರಾಂಶಕ್ಕೆ ಬೆಲೆಯಿಲ್ಲ ಎಂದ ಕೂಡಲೇ ವೆಚ್ಚವೂ ಇಲ್ಲವೆಂದು ಭಾವಿಸುತ್ತೇವೆ. ಯಂತ್ರ ಖರೀದಿಸಲು ಬಂಡವಾಳ ವೆಚ್ಚ ಮಂಜೂರಾಗುತ್ತದೆ, ಉದ್ಘಾಟನೆಯಾಗುತ್ತದೆ; ಬ್ಯಾಟರಿ, ತರಬೇತಿ, ದುರಸ್ತಿಗೆ ಬೇಕಾದ ರಾಜಸ್ವ ವೆಚ್ಚವನ್ನು ಮೊದಲು ಕಡಿತಗೊಳಿಸಲಾಗುತ್ತದೆ. ಅಂಥ ಟಿಪ್ಪಣಿಗಳಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಹಳೆಯ ಆವೃತ್ತಿಯಲ್ಲೇ ಉಳಿಯುವುದೂ ಉಪಾಯವಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಸಾಮಾನ್ಯ ಬೆಂಬಲ 5 ವರ್ಷ ಮಾತ್ರ. 2018ರದ್ದು 2023ಕ್ಕೇ ಮುಗಿಯಿತು. ಅಲ್ಲಿಂದ ನೇರವಾಗಿ 2022ರದಕ್ಕೆ ಹಾರುವಂತೆಯೂ ಇಲ್ಲ. 2020ರ ಮೆಟ್ಟಿಲು ತುಳಿದೇ ಹೋಗಬೇಕು.

ನೆರೆಯ ಕೇರಳ ಶಾಲೆಗಳಿಗೆ ಮುಕ್ತ ತಂತ್ರಾಂಶ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಐಟಿ@ಸ್ಕೂಲ್ ಯೋಜನೆಯಲ್ಲಿ ಶಿಕ್ಷಕರನ್ನೇ ತರಬೇತುದಾರರನ್ನಾಗಿ ರೂಪಿಸಿತು. ಆ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ನಾವು ಅಷ್ಟು ದೊಡ್ಡದಾಗಿ ಆರಂಭಿಸಬೇಕಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ತಾಲ್ಲೂಕಿಗೊಬ್ಬರಂತೆ, ದೋಷಸಂದೇಶವನ್ನು ಓದಬಲ್ಲ ಒಬ್ಬ ಡಿಪ್ಲೊಮಾ ಪದವೀಧರ ಸಾಕು. ಆವೃತ್ತಿ ಬದಲಾವಣೆಯನ್ನು ದಸರಾ ಅಥವಾ ಬೇಸಿಗೆ ರಜೆಗೆ ನಿಗದಿಪಡಿಸಿ, ಮಕ್ಕಳ ಕಡತಗಳ ನಕಲು ತೆಗೆದು, ಮೊದಲು ಒಂದೇ ಯಂತ್ರದಲ್ಲಿ ಪ್ರಯೋಗಿಸಬೇಕು. ಅಳಿಸಿಹಾಕುವ ಮುನ್ನ ಮುಖ್ಯ ಶಿಕ್ಷಕರ ಲಿಖಿತ ಒಪ್ಪಿಗೆ ಪಡೆಯಬೇಕೆಂಬ ಷರತ್ತು ಗುತ್ತಿಗೆಯಲ್ಲಿರಬೇಕು. ಕನಿಷ್ಠ ದರದ ಟೆಂಡರ್ ಇದನ್ನು ತಾನಾಗಿ ಕೊಡುವುದಿಲ್ಲ.

ಆ ಶಾಲೆಯ ಗೋಡೆಯ ಮೇಲೆ ಈಗ ಅಂದಿನ ಆದೇಶಗಳನ್ನು ಕನ್ನಡ ವಿವರಣೆಯೊಂದಿಗೆ ಬರೆದು ಅಂಟಿಸಿದ್ದಾರೆ. ಬ್ಯಾಟರಿ ಕೋರಿದ ಪತ್ರಕ್ಕೆ ಉತ್ತರ ಬಂದಿಲ್ಲ.